ಎಡಗಡೆ ಸೀಟಿನ ಮೇಷ್ಟ್ರು

ಆ ಬೀದಿಯವರು ಮೇಷ್ಟ್ರ ಬಗ್ಗೆ ಒಂದು ಮಾತು ಆಡಿಕೊಳ್ಳುತ್ತಿದ್ದರು: "ಅವರು ಪಾಠ ಮಾಡಿದ್ರೆ ಬೀದಿ ದೀಪದ ಕಂಬ ಕೂಡ ಕಾರು ಓಡಿಸ್ಕೊಂಡು ಹೋಗುತ್ತೆ. ಹೆಂಡತಿ ಮಾತ್ರ ಆ ಕಂಬದ ಕೆಳಗೆ ನಿಂತು ಬಸ್ಸಿಗೆ ಕಾಯ್ತಾರೆ."

ಮಾತು ಸುಳ್ಳಲ್ಲ. ಮೇಷ್ಟ್ರದು ಡ್ರೈವಿಂಗ್ ಶಾಲೆ. ಶಾಲೆ ಎಂದರೆ ಒಂದು ಹಳೆಯ ಬಿಳಿ ಕಾರು, ಅಷ್ಟೇ. ಶಿಷ್ಯರು ಬಲಗಡೆ ಕೂತು ಓಡಿಸುವುದು, ಮೇಷ್ಟ್ರು ಎಡಗಡೆ ಕೂತು ಕಾಪಾಡುವುದು. ಕಾಪಾಡಲಿಕ್ಕೆಂದೇ ಅವರ ಕಾಲ ಬಳಿ ಇನ್ನೊಂದು ಜೊತೆ ಕ್ಲಚ್ಚು, ಬ್ರೇಕು. ಬೀದಿಯ ದರ್ಜಿ, ಔಷಧಿ ಅಂಗಡಿಯವನು, ಪೋಸ್ಟ್‌ಮ್ಯಾನು, ಎಲ್ಲರೂ ಆ ಕಾರಿನಲ್ಲಿ ಪಳಗಿದವರೇ. ಮೇಷ್ಟ್ರ ಹೆಂಡತಿ ದೊಡ್ಡ ಆಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ಸಿಸ್ಟರಮ್ಮ. ಕೂದಲು ಅರ್ಧ ಬೆಳ್ಳಗಾದರೂ ಸ್ಟೀರಿಂಗ್ ಮುಟ್ಟಿದವರಲ್ಲ. ಕಲಿಸಿ ಎಂದಾಗಲೆಲ್ಲ ಮೇಷ್ಟ್ರು "ನಾನಿರುವಾಗ ನಿನಗ್ಯಾಕೆ ಆ ತಾಪತ್ರಯ" ಎನ್ನುತ್ತಿದ್ದರು. ಅವರು ಇರುತ್ತಿದ್ದದ್ದು ಮಾತ್ರ ಯಾವಾಗಲೂ ಬೇರೆ ಯಾರದೋ ಪಕ್ಕದಲ್ಲಿ.

ಒಂದು ಸಂಜೆ ಸಿಸ್ಟರಮ್ಮ ಬಸ್ಸಿಳಿದು ಬಂದವರು ಚಪ್ಪಲಿಯನ್ನೂ ಬಿಡದೆ ಹೇಳಿದರು: "ರೀ, ಊರಾಚೆಯ ಹೊಸ ಆಸ್ಪತ್ರೆಯವರು ನನ್ನ ಕರೀತಿದ್ದಾರೆ. ಹಾಸಿಗೆ ಹಿಡಿದವರನ್ನ ಅವರವರ ಮನೆಗೇ ಹೋಗಿ ನೋಡೋ ಕೆಲಸ. ಇರೋಕೆ ಮನೆ ಕೊಡ್ತಾರೆ, ಓಡಾಡೋಕೆ ಕಾರು ಕೊಡ್ತಾರೆ."

"ಡ್ರೈವರು?"

"ನಾನೇ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸ್ಬೇಕು, ಇಲ್ಲಾಂದ್ರೆ ಬೇರೆಯವರನ್ನ ತಗೋತಾರೆ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇಷ್ಟು ವರ್ಷ ಡಾಕ್ಟರು ಹೇಳಿದ ಕಡೆ ಚುಚ್ಚಿದ್ದೀನಿ. ರಿಟೈರ್ ಆಗೋ ಮುಂಚೆ ಒಂದು ಕೆಲಸ ನನ್ನದು ಅಂತ ಮಾಡ್ಬೇಕು ಅನ್ಸಿದೆ ಕಣ್ರೀ" ಎಂದರು.

ಮೇಷ್ಟ್ರ ಮೀಸೆ ತಾನಾಗಿ ಮೇಲೆದ್ದಿತು. ಜಗಲಿಗೆ ಬಂದು, ಬೀದಿಯ ಆ ತುದಿಗೂ ಕೇಳಿಸುವಂತೆ ಸಾರಿದರು: "ತಿಂಗಳು ಯಾರಿಗೆ ಬೇಕು? ಹದಿನೈದು ದಿನ. ಇದೇ ಬೀದಿಯಲ್ಲಿ, ಇವಳ ಕೈಯಲ್ಲಿ ಕಾರು ಹೂವಿನ ಹಾಗೆ ಹೋಗುತ್ತೆ. ನೋಡ್ತಿರಿ."

ಪಾಠ ಶುರುವಾಯಿತು. ಊರಿನವರು ಗುಂಡಿಗೆ ಇಳಿಸಿದರೂ ಪಕ್ಕದಲ್ಲಿ ಕೂತು ಆಕಳಿಸುತ್ತಿದ್ದ ಮೇಷ್ಟ್ರು ಹೆಂಡತಿಯ ಪಕ್ಕ ಕೂತದ್ದೇ ತಡ, ಬೆವರಿ ತೊಪ್ಪೆಯಾದರು. ಊರಿನವರು ಗುದ್ದಿದರೆ ಕಾರಿಗೆ ಪೆಟ್ಟು, ಇವಳು ಗುದ್ದಿದರೆ ಇವಳಿಗೇ ಪೆಟ್ಟಲ್ಲವೇ? ಹಾಗೆಂದು ಅವರ ಎರಡು ಪಾದಗಳೂ ಎಡಗಡೆಯ ಪೆಡಲುಗಳ ಮೇಲೆ ಬೇರುಬಿಟ್ಟವು. ಆಕೆ ಗೇರಿಗೆ ಕೈ ಹಾಕುವ ಮೊದಲೇ ಇವರ ಕ್ಲಚ್ಚು ನೆಲ ಮುಟ್ಟಿರುತ್ತಿತ್ತು. ಬೀದಿಯ ಕೊನೆಯಲ್ಲಿ ನಾಯಿಯೊಂದು ಮೈ ಮುರಿದರೆ ಇಲ್ಲಿ ಇವರ ಬ್ರೇಕು ಬೀಳುತ್ತಿತ್ತು. ಸಿಸ್ಟರಮ್ಮನ ಪಾಲಿಗೆ ಉಳಿದದ್ದು ಸ್ಟೀರಿಂಗು, ಆಕ್ಸಿಲರೇಟರು ಮತ್ತು ಸಂತೋಷ.

"ರೀ, ಇಷ್ಟು ಸುಲಭಾನಾ ಇದು? ನಿಲ್ಲಬೇಕು ಅಂತ ಮನಸ್ಸಲ್ಲಿ ಅಂದ್ಕೊಂಡ್ರೆ ಸಾಕು, ನಿಲ್ಲುತ್ತೆ."

"ಗುರು ಯಾರು ಅಂತ ನೋಡು."

"ಕಾಲು ಇಡೋದೇ ಬೇಡ ಅನ್ಸುತ್ತೆ."

"ಅದೇ ಕಲೆ."

ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಸಿಸ್ಟರಮ್ಮ ಗುನುಗುತ್ತ ಮನೆಯೊಳಗೆ ಹೋಗುವುದನ್ನು ಕಂಡರೆ ಮೇಷ್ಟ್ರಿಗೆ ಬಾಯಿ ಬರುತ್ತಿರಲಿಲ್ಲ. ಜೊತೆಗೆ ಜಗಲಿ ಜಗಲಿಯಿಂದ ಬರುತ್ತಿದ್ದ "ಭಲೇ ಮೇಷ್ಟ್ರೇ" ಬೇರೆ. ಬರಬರುತ್ತ, ಇವಳು ನಿಜವಾಗಿಯೂ ಕಲಿತಿದ್ದಾಳೆ ಎಂದು ಅವರೇ ನಂಬಿಬಿಟ್ಟರು.

ಪರೀಕ್ಷೆಯ ದಿನ ಎಡಗಡೆಯ ಪೆಡಲುಗಳನ್ನು ಬಿಚ್ಚಿಡಬೇಕೆಂಬುದು ನಿಯಮ. ಮೇಷ್ಟ್ರು ಮೈದಾನದಲ್ಲೇ ಸ್ಪ್ಯಾನರ್ ಹಿಡಿದು ಬಿಚ್ಚಿ ಡಿಕ್ಕಿಗೆ ಹಾಕಿದರು. ಬ್ರೇಕ್ ಇನ್ಸ್‌ಪೆಕ್ಟರು ಬಂದು ಎಡಗಡೆ ಕೂತ. ಅವನೂ ಮೇಷ್ಟ್ರ ಹಳೆಯ ಶಿಷ್ಯನೇ.

ಕಾರು ಕಪ್ಪೆಯ ಹಾಗೆ ಒಂದು ನೆಗೆತ ನೆಗೆದು ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದರೆ ಮತ್ತೊಂದು ನೆಗೆತ. ಮೂರನೆಯ ಸಲ ಹೇಗೋ ಹೊರಟೇ ಹೊರಟಿತು. ಸಿಸ್ಟರಮ್ಮ ಎದುರಿನ ಬೇಲಿಯನ್ನು ನೋಡಿ, ನಿಲ್ಲಬೇಕೆಂದು ಮನಸ್ಸಿನಲ್ಲಿ ಗಟ್ಟಿಯಾಗಿ ಅಂದುಕೊಂಡರು. ಕಾರಿಗೆ ಅದು ಕೇಳಿಸಲಿಲ್ಲ.

ಇನ್ಸ್‌ಪೆಕ್ಟರು ಬೇಲಿಯಿಂದ ಹೊರಬಂದು ತಲೆಯ ಮೇಲಿನ ಎಲೆಗಳನ್ನು ಕೊಡವಿಕೊಂಡ. "ಮೇಷ್ಟ್ರೇ, ಸ್ಟೀರಿಂಗ್‌ಗೆ ನೂರಕ್ಕೆ ನೂರು. ಆದ್ರೆ ಅಮ್ಮಾವ್ರಿಗೆ ಕೆಳಗೆ ಎರಡು ಕಾಲಿದೆ ಅನ್ನೋದನ್ನ ಯಾರೂ ಹೇಳಿದ ಹಾಗಿಲ್ಲ. ಮುಂದಿನ ವಾರ ಕರ್ಕೊಂಡು ಬನ್ನಿ, ತಿಂಗಳ ಕೊನೇ ಪರೀಕ್ಷೆ ಅದೇ."

ಸಿಸ್ಟರಮ್ಮ ಹೋಗಿ ಡಿಕ್ಕಿ ತೆಗೆದರು. ಬಿಚ್ಚಿಟ್ಟ ಪೆಡಲುಗಳನ್ನು ಕೈಯಲ್ಲೆತ್ತಿ ನೋಡಿದರು. ಇಷ್ಟು ದಿನ ಕಾರು ನಿಲ್ಲುತ್ತಿದ್ದದ್ದು ಹೇಗೆಂದು ಆಗ ತಿಳಿಯಿತು.

"ನಿಲ್ಲಿಸ್ತಿದ್ದದ್ದು ಯಾರು?"

"ನಿನಗೆ ಪೆಟ್ಟಾಗ್ಬಾರ್ದು ಅಂತ..."

"ಇಂಜೆಕ್ಷನ್ ಕಲಿಯೋ ಹುಡುಗೀರ ಕೈ ಹಿಡ್ಕೊಂಡು ನಾನೇ ಚುಚ್ಚಿದ್ರೆ ಅವರೇನು ಕಲೀತಾರೆ? ಕೆಲಸ ಹೋಗುತ್ತಲ್ರೀ." ಕೀಲಿಯನ್ನು ಅವರ ಅಂಗೈಗೆ ಹಾಕಿ, "ಮನೆಗೆ ನೀವೇ ಓಡಿಸಿ" ಎಂದು ಹೋಗಿ ಎಡಗಡೆ ಕೂತರು.

ಆಗ ಒಂದು ಸತ್ಯ ಹೊರಬಿತ್ತು. ಮೇಷ್ಟ್ರು ಬಲಗಡೆ ಕೂತು ಯಾವ ಕಾಲವಾಗಿತ್ತೋ, ಅವರಿಗೇ ನೆನಪಿರಲಿಲ್ಲ. ಪೇಟೆಗೆ ಹೋಗಬೇಕಾದರೂ ಯಾರೋ ಒಬ್ಬ ಶಿಷ್ಯ ಓಡಿಸುತ್ತಿದ್ದ, ಇವರು ಎಡಗಡೆ ಕೂತು ಬಲಗೈ ಚಾಚಿ ಗೇರು ತಿದ್ದುತ್ತಿದ್ದರು. ಆ ಬಲಗೈ ಈಗಲೂ ಅಭ್ಯಾಸಬಲದಿಂದ ಬಲಕ್ಕೆ ಚಾಚಿತು. ಸಿಕ್ಕಿದ್ದು ಕಿಟಕಿಯ ಹಿಡಿಕೆ. ಅದನ್ನೇ ತಿರುಗಿಸಿದರು. ಫಸ್ಟ್ ಗೇರಿಗೆ ಗಾಜು ಕಾಲು ಭಾಗ ಇಳಿಯಿತು, ಸೆಕೆಂಡ್ ಗೇರಿಗೆ ಅರ್ಧ.

"ಗಾಳಿ ಬೇಕಿತ್ತೇನ್ರೀ?"

"ಸೆಕೆ."

ಥರ್ಡ್ ಗೇರಿಗೆ ಗಾಜು ಪೂರ್ತಿ ಬಾಗಿಲೊಳಗೆ ಮುಳುಗಿತು. ತಿರುವು ಬಂದಾಗ ಇಂಡಿಕೇಟರ್ ಹಾಕಲು ಹೋಗಿ ಸುಡುಬಿಸಿಲಿನಲ್ಲಿ ವೈಪರ್ ಹಾಕಿದರು. ಅದು ಮನೆಯ ತನಕ ಬೇಡ ಬೇಡವೆಂದು ಕೈಯಾಡಿಸುತ್ತಲೇ ಬಂತು. ಬೀದಿಯ ಜಗಲಿಗಳೆಲ್ಲ ತುಂಬಿದ್ದವು. ಮೇಷ್ಟ್ರು ತಮ್ಮ ಬಲಕ್ಕೆ ಇನ್ನೂ ಒಬ್ಬ ಶಿಷ್ಯ ಕೂತಿದ್ದಾನೆ ಎಂಬಂತೆ ಅಷ್ಟಗಲ ಜಾಗ ಬಿಟ್ಟು ಗೇಟಿನೊಳಗೆ ತಿರುಗಿಸಿದರು. ಎಡಗಡೆಯ ಕನ್ನಡಿ ಗೇಟಿನ ಕಂಬಕ್ಕೆ ಬಡಿದು ಕೆಳಗೆ ಬಿತ್ತು.

ಎದುರು ಮನೆಯ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. "ಪರವಾಗಿಲ್ಲ ಸಿಸ್ಟರಮ್ಮ, ಇನ್ನೊಂದು ನಾಲ್ಕು ದಿನ ಕಲೀರಿ, ಸರಿಹೋಗುತ್ತೆ."

"ಓಡಿಸಿದ್ದು ನಾನಲ್ಲ ಅಜ್ಜಿ, ಇವರು."

"ಹೌದಾ? ಹಾಗಾದ್ರೆ ಇದ್ಯಾವ ಹೂವು ಮೇಷ್ಟ್ರೇ?"

ಸಿಸ್ಟರಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಉಕ್ಕಿ ಬಂತು. ಒಂದು ಗಳಿಗೆ ಮುಖ ಗಂಟು ಹಾಕಿಕೊಂಡಿದ್ದ ಮೇಷ್ಟ್ರಿಗೂ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಹೊರಡಿಸುವಂಥ ಆಜ್ಞೆ ಹೊರಟಿತು: "ಪೆಡಲು ಡಿಕ್ಕಿಯಲ್ಲೇ ಇರಲಿ. ನೀವು ಹಿಂದಿನ ಸೀಟು. ಕೈ ಕಟ್ಟಿಕೊಂಡು."

"ಬಾಯಿ?"

"ಬೇಕಾದಾಗ ಕೇಳ್ತೀನಿ."

ಆ ವಾರ ಕಾರು ಆಫ್ ಆಗದ ಜಾಗವೇ ಬೀದಿಯಲ್ಲಿ ಉಳಿಯಲಿಲ್ಲ. ತರಕಾರಿ ಗಾಡಿಯವನು ತನ್ನ ಗಾಡಿ ತಳ್ಳಿದ್ದಕ್ಕಿಂತ ಹೆಚ್ಚು ಇವರ ಕಾರು ತಳ್ಳಿದ. ಹಿಂದೆ ಕೂತ ಮೇಷ್ಟ್ರು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮೀನಖಂಡ ಹಿಡಿಸಿಕೊಂಡರು. ಪರೀಕ್ಷೆಯ ಹಿಂದಿನ ದಿನ ಇಳಿಜಾರಿನಲ್ಲಿ ಕಾರು ಸರಸರನೆ ಹಿಂದಕ್ಕೆ ಜಾರತೊಡಗಿತು. ಹಿಂದೆ ದೊಡ್ಡ ಚರಂಡಿ. ಮೇಷ್ಟ್ರು ಕಣ್ಣು ಮುಚ್ಚಿ ನಾಲಿಗೆ ಕಚ್ಚಿಕೊಂಡರು. ಕಾರು ಗಕ್ಕನೆ ನಿಂತಿತು.

ಸಿಸ್ಟರಮ್ಮ ತಿರುಗಿ ನೋಡಿದರು. ಹಣೆಯೆಲ್ಲ ಬೆವರು. "ಈಗ ನಿಲ್ಲಿಸಿದ್ದು ಯಾರು?"

"ನೀನೇ" ಎಂದರು ಮೇಷ್ಟ್ರು. ಅವರ ಕಣ್ಣು ಯಾಕೋ ಮಂಜಾಗಿತ್ತು.

ಮರುದಿನ ಇನ್ಸ್‌ಪೆಕ್ಟರು ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದುಕೊಂಡೇ ಕಾರು ಹತ್ತಿದ. ಒಂದು ಸುತ್ತಾದ ಮೇಲೆ ಹಿಡಿ ಬಿಟ್ಟ. ಎರಡನೆಯ ಸುತ್ತಿಗೆ ಕಾಲು ಚಾಚಿ ಕೂತ. ಇಳಿದವನೇ "ಪಾಸ್" ಎಂದ.

ತಿಂಗಳ ಕೊನೆಯ ಬೆಳಿಗ್ಗೆ ಸಾಮಾನಿನ ಲಾರಿ ಹೊಸ ಆಸ್ಪತ್ರೆಯವರು ಕೊಟ್ಟ ಮನೆಯ ಕಡೆ ಮುಂದೆ ಹೋಯಿತು. ಮೇಷ್ಟ್ರು ಖಾಲಿ ಕೋಣೆಗಳನ್ನು ಒಮ್ಮೆ ಸುತ್ತಿ ಬಂದು, ಬಾಗಿಲು ಹಾಕಿ, ಕೀಲಿಯನ್ನು ಮನೆಯ ಯಜಮಾನರಿಗೆ ಒಪ್ಪಿಸಿದರು. ಸಿಸ್ಟರಮ್ಮ ಆಗಲೇ ಬಲಗಡೆ ಕೂತು ಎಂಜಿನ್ ಶುರು ಮಾಡಿದ್ದರು. ಮೇಷ್ಟ್ರು ಕಾರಿನ ಹಿಂದಕ್ಕೆ ಹೋಗಿ, ಗಾಜಿಗೆ ಅಂಟಿಸಿದ್ದ ಎಲ್ ಬೋರ್ಡು ಕೀಳತೊಡಗಿದರು.

"ಅದು ಇರಲಿ ಬಿಡಿ."

"ನಿನಗೆ ಲೈಸೆನ್ಸ್ ಬಂತಲ್ಲೇ, ಇನ್ಯಾಕೆ?"

"ಊರು ದಾಟಿದ ಮೇಲೆ ಖಾಲಿ ರಸ್ತೆ ಸಿಗುತ್ತೆ. ಅಲ್ಲಿ ನೀವು ಬಲಗಡೆಗೆ ಬನ್ನಿ, ನಾನು ಎಡಗಡೆ ಕೂರ್ತೀನಿ."

ಮೇಷ್ಟ್ರು ಬೀದಿಯ ಕಡೆ ಒಮ್ಮೆ ಕಳ್ಳನೋಟ ಬೀರಿದರು. ಯಾರಿಗೂ ಕೇಳಿಸಿಲ್ಲವೆಂದು ಖಾತ್ರಿಯಾದ ಮೇಲೆ ಬೋರ್ಡನ್ನು ಮತ್ತೆ ಅಂಗೈಯಿಂದ ಒತ್ತಿ ಅಂಟಿಸಿ, ಎಡಗಡೆ ಬಂದು ಕೂತು, ಮೆಲ್ಲಗೆ ಕೇಳಿದರು: "ಬೈತೀಯಾ?"

"ನರ್ಸುಗಳು ಬೈಯಲ್ಲ. ಸ್ವಲ್ಪ ನೋವಾಗುತ್ತೆ ಅಂತ ಮಾತ್ರ ಹೇಳ್ತಾರೆ" ಎನ್ನುತ್ತ ಸಿಸ್ಟರಮ್ಮ ಕ್ಲಚ್ಚು ಬಿಟ್ಟರು. ಕಾರು ಒಂದಿಷ್ಟೂ ಕುಲುಕದೆ ಆ ಮನೆಯ ಗೇಟು ದಾಟಿತು.