ನಮ್ಮ ಬೀದಿಯ ಹಿನ್ನೆಲೆ ಸಂಗೀತ

"ಅಕ್ಕಾ! ಭಾವಾ! ಇಬ್ರೂ ಕೆಲಸ ಬಿಟ್ಟು ಹಾಲ್‌ಗೆ ಬನ್ನಿ! ಇವತ್ತಿಂದ ನಿಮ್ಮ ಜೀವನಾನೇ ಬದಲಾಗುತ್ತೆ!"

ಮಹಡಿ ಮೆಟ್ಟಿಲು ಇಳಿಯುತ್ತಲೇ ನನ್ನ ತಮ್ಮ ಉಮಾಪತಿ ಹೀಗೆ ಕೂಗಿದ. ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಹೋದ ಸಲ ಇವನು ಇದೇ ಮಾತು ಹೇಳಿದಾಗ, ಗಿಡಗಳಿಗೆ ತಾನಾಗಿಯೇ ನೀರು ಹಾಕುವ ಇವನ ಯಂತ್ರ ನಮ್ಮ ದಾಸವಾಳವನ್ನು ಬಿಟ್ಟು, ಅಂಗಳದಲ್ಲಿ ಪೇಪರ್ ಓದುತ್ತಿದ್ದ ಎದುರು ಮನೆಯ ತಾತನಿಗೆ ತಲೆಸ್ನಾನ ಮಾಡಿಸಿತ್ತು. "ಗಿಡದ ಹಾಗೆ ಅಲ್ಲಾಡದೆ ಕೂತಿದ್ದು ತಾತನ ತಪ್ಪು" ಎಂದು ವಾದಿಸಿದ ಮಹಾರಾಯ ಇವನು! ತುಮಕೂರಿನ ಒಂದು ಪಾಲಿಟೆಕ್ನಿಕ್‌ನ ಲ್ಯಾಬಿನಲ್ಲಿ ಕೆಲಸ, ನಮ್ಮ ಮಹಡಿ ಮೇಲೆ ವಾಸ, ನನ್ನ ಅಡುಗೆಮನೆಯಲ್ಲಿ ಊಟ. ವಯಸ್ಸು ನಲವತ್ತಾರು, ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಅಂತ ನೀವೇ ಊಹಿಸಿಕೊಳ್ಳಿ.

ಅವನ ಕೈಯಲ್ಲಿ ದುಂಡಗಿನ ಸ್ಟೀಲ್ ಡಬ್ಬಿಯೊಂದಿತ್ತು. ಮುಚ್ಚಳದ ತುಂಬ ತೂತು, ತೂತಿನ ತುಂಬ ವೈರು.

"ಏನೋ ಇದು?" ಎಂದೆ.

"ಹಿನ್ನೆಲೆರಾಯ! ನೀನು ಸೀರಿಯಲ್ ನೋಡ್ತೀಯಲ್ಲ ಅಕ್ಕಾ, ಅದರಲ್ಲಿ ಏನು ನಡೆಯುತ್ತೆ?"

"ಏನೂ ನಡೆಯಲ್ಲ. ಮೂರು ವಾರದಿಂದ ಸೊಸೆ ಮೆಟ್ಟಿಲು ಇಳೀತಾನೇ ಇದಾಳೆ."

"ಆದ್ರೂ ಬಾಯಿ ಬಿಟ್ಕೊಂಡು ನೋಡ್ತೀಯ! ಯಾಕೆ? ಹಿನ್ನೆಲೆ ಸಂಗೀತ! ಅತ್ತೆ ಬಾಗಿಲು ತೆಗೆದ್ರೆ ಢಂಢಢಂ! ಸೊಸೆ ಅತ್ತರೆ ಪಿಟೀಲು! ನಮ್ಮ ಬದುಕಲ್ಲಿ ಏನಿದೆ? ಕುಕ್ಕರ್ ಸೀಟಿ ಒಂದೇ. ಅದಕ್ಕೇ ಎಲ್ಲರಿಗೂ ಬೋರು! ಈ ಡಬ್ಬಿ ಎಂಟು ಅಡಿ ಒಳಗಿರೋರ ಎದೆಬಡಿತ, ಉಸಿರು, ಮೈಬಿಸಿ ಎಲ್ಲಾ ಅಳೆದು, ಅವರ ಮನಸ್ಸಿಗೆ ತಕ್ಕ ಸಂಗೀತ ನುಡಿಸುತ್ತೆ."

"ಆಯ್ತು, ತೋರಿಸು ಮತ್ತೆ," ಎಂದರು ನಮ್ಮ ಯಜಮಾನರು. ಇವರದು ಮೊಳೆ, ಬೀಗ, ಕದದ ಕೀಲು ಮಾರುವ ಅಂಗಡಿ. ಕಬ್ಬಿಣದ ಜೊತೆ ಬಾಳಿ ಬಾಳಿ ಇವರ ಮಾತೂ ಕಬ್ಬಿಣವೇ ಆಗಿಹೋಗಿದೆ.

ಉಮಾಪತಿ ಸ್ವಿಚ್ ಒತ್ತಿ ನನ್ನ ಕಡೆ ತಿರುಗಿದ. "ಅಕ್ಕಾ, ಇದು ನಿನ್ನ ಒಗ್ಗರಣೆ ಡಬ್ಬಿ. ಎರಡು ವಾರದಿಂದ ಹುಡುಕ್ತಾ ಇದ್ಯಲ್ಲ, ನಾನೇ ತಗೊಂಡು ತೂತು ಕೊರೆದೆ."

ಢಂಢಢಂ! ಡಬ್ಬಿಯೊಳಗಿಂದ ಕಹಳೆ, ನಗಾರಿ, ಗುಡುಗು ಒಟ್ಟಿಗೇ ಎದ್ದವು. ನಾನಿನ್ನೂ ಬಾಯಿ ಕೂಡ ತೆರೆದಿರಲಿಲ್ಲ!

"ನೋಡಿದ್ರಾ! ಎಷ್ಟು ಕರಾರುವಾಕ್ಕು!" ಎಂದು ಕುಣಿದಾಡಿದ ಅವನು. ನಾನು ಸೌಟು ಹಿಡಿದು ಅಟ್ಟಿಸಿಕೊಂಡು ಹೋದಾಗ ಡಬ್ಬಿ ಓಟಕ್ಕೆ ತಕ್ಕಂತೆ ತಬಲಾ ಬಾರಿಸಿತು.

ಇರಲಿ, ನನ್ನ ವಿಷಯ ಹೇಳಿಬಿಡುತ್ತೇನೆ. ಈಗ ನಮ್ಮ ಬಡಾವಣೆಯಲ್ಲಿ ಹವ್ಯಾಸ ಇಲ್ಲದವರೇ ಇಲ್ಲ. ಒಬ್ಬರು ತಾರಸಿ ಮೇಲೆ ಬೀಟ್‌ರೂಟ್ ಬೆಳೆಯುತ್ತಾರೆ, ಇನ್ನೊಬ್ಬರು ಅರವತ್ತರ ಮೇಲೆ ಸೈಕಲ್ ತುಳಿದು ಮಂಡಿ ಹಿಡಿಸಿಕೊಂಡು ಕೂತಿದ್ದಾರೆ, ಮತ್ತೊಬ್ಬರು ದೋಸೆ ಹುಯ್ಯುವುದನ್ನೂ ರೀಲ್ಸ್ ಮಾಡಿ ಕಳಿಸುತ್ತಾರೆ. ನನ್ನದು ಕರೋಕೆ. ಫೋನಿನಲ್ಲಿ ವಾದ್ಯ ಬರುತ್ತದೆ, ಅದಕ್ಕೆ ನಾವು ಹಳೆಯ ಚಿತ್ರಗೀತೆ ಹಾಡುವುದು. ಏಳು ತಿಂಗಳಿಂದ ಬಿಟ್ಟೂಬಿಡದೆ ಹಾಡುತ್ತಿದ್ದೇನೆ. ಶಾಲೆಯಲ್ಲಿದ್ದಾಗ ಪ್ರಾರ್ಥನೆಗೆ ನಿಂತ ನನಗೆ ಟೀಚರ್, "ವಿಮಲಾಕ್ಷಿ, ನೀನು ಬಾಯಿ ಮಾತ್ರ ಆಡಿಸು, ಧ್ವನಿ ಬೇಡ" ಎಂದಿದ್ದರು. ನಲವತ್ತು ವರ್ಷ ಬಾಯಿ ಮಾತ್ರ ಆಡಿಸಿದ್ದು ಸಾಕು ಅಂತ ನನಗನ್ನಿಸಿತ್ತು. ಬರುವ ಭಾನುವಾರ ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ನಾನೊಬ್ಬಳೇ ಮೈಕ್ ಹಿಡಿದು ಒಂದು ಹಾಡು ಹೇಳುವುದೆಂದು ಗೊತ್ತಾಗಿತ್ತು. ಹೊಸ ಸೀರೆಗೆ ಫಾಲ್ ಕೂಡ ಹಚ್ಚಿಸಿದ್ದೆ!

ಕರೋಕೆ ಬಳಗದ ಹೆಂಗಸರೆಲ್ಲ "ವಿಮಲಕ್ಕ, ನಿಮ್ಮದು ಕಂಠ ಅಂದ್ರೆ ಕಂಠ!" ಎನ್ನುತ್ತಿದ್ದರು. ಇವರು ಮಾತ್ರ, ನಾನು ಶುರು ಮಾಡಿದರೆ ಎದ್ದು ಕಿಟಕಿ ಹಾಕುತ್ತಿದ್ದರು. "ಸಾಕು ಮಾಡೇ, ಯಾರಿಗೋ ಏನೋ ಆಯ್ತು ಅಂತ ಆಂಬುಲೆನ್ಸ್ ಕರೆಸಿಬಿಡ್ತಾರೆ!" ನಾನು ಬಳಗದವರನ್ನು ನಂಬಿದ್ದೆ, ಇವರನ್ನು ಬಯ್ದಿದ್ದೆ.

ಅದೇ ಮಧ್ಯಾಹ್ನ ಪಕ್ಕದ ಮನೆಯ ಗಿರಿಜಾಂಬ ಪಾತ್ರೆ ಹಿಂದಿರುಗಿಸಲು ಬಂದರು. ನಮ್ಮ ಬಳಗದ ಅಧ್ಯಕ್ಷೆ ಅವರೇ. ಡಬ್ಬಿ ಊಟದ ಮೇಜಿನ ಮೇಲೇ ಇತ್ತು.

"ಬನ್ನಿ ಗಿರಿಜಾಂಬ, ಸರಿಯಾದ ಹೊತ್ತಿಗೆ ಬಂದ್ರಿ. ಊಟ ಮಾಡ್ಕೊಂಡೇ ಹೋಗ್ಬೇಕು," ಎಂದೆ. ಮೂವರಿಗೆ ಅಳೆದು ಮಾಡಿದ ಸಾರು.

ಢಂಢಢಂ! ಎಂದಿತು ಡಬ್ಬಿ.

ಗಿರಿಜಾಂಬ ಬೆಚ್ಚಿಬಿದ್ದರು. "ಅಯ್ಯೋ, ಬೇಡಪ್ಪ ಬೇಡ, ನಂದು ಈಗ ತಾನೇ ಊಟ ಆಯ್ತು," ಎಂದರು. ತಕ್ಷಣ ಖಾಲಿ ಕೊಡ ಉರುಳಿಸಿದ ಹಾಗೆ ತಮಟೆಯೊಂದು ಹಸಿದು ಬಡಿದುಕೊಳ್ಳತೊಡಗಿತು!

"ಏನ್ರೀ ಅದು ಸದ್ದು?"

"ಅದಾ... ಪಕ್ಕದ ಮನೆ ಟೀವಿ."

"ಪಕ್ಕದ ಮನೆ ನಮ್ಮದಲ್ವಾ?"

ನಾನು ಬೇಗ ಬೇಗ ತಟ್ಟೆ ಹಾಕಿದೆ. ಗಿರಿಜಾಂಬ ಕೂತರು, ಮೂರು ಸಲ "ಸಾಕು ಸಾಕು" ಎಂದು ನಾಲ್ಕು ಸಲ ಅನ್ನ ಹಾಕಿಸಿಕೊಂಡರು. ಒಂದೊಂದು "ಸಾಕು"ಗೂ ತಮಟೆ ಜೋರಾಯಿತು. ಅವರು ಹೋದ ಮೇಲೆ ಉಮಾಪತಿಯನ್ನು ಹಿಡಿದು ಝಾಡಿಸಿದೆ.

"ನನ್ನ ಯಂತ್ರ ಸರಿಯಾಗಿದೆ. ನೀವೇ ಸರಿಯಿಲ್ಲ! ಮನಸ್ಸಲ್ಲೊಂದು, ಬಾಯಲ್ಲೊಂದು!" ಎಂದ.

"ಅದಕ್ಕೆ ಉಪಚಾರ ಅಂತಾರೆ ಕಣೋ, ಮಂಕೆ! ಮೊದಲ ಸಲ ಬೇಡ ಅನ್ನೋದು ಮರ್ಯಾದೆ. ಎರಡನೇ ಸಲ ಸಂಕೋಚ. ಮೂರನೇ ಸಲ ಬೇಡ ಅಂದ್ರೆ, ಇನ್ನೊಂದು ಸೌಟು ಹಾಕಿ ಅಂತ! ಅಷ್ಟೂ ಗೊತ್ತಿಲ್ವಾ?"

ಅವನು ಜೇಬಿನಿಂದ ಪೆನ್ನು ತೆಗೆದು ಇದನ್ನೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಸೂತ್ರದಂತೆ ಬರೆದುಕೊಂಡ. "ಇದನ್ನ ಡಬ್ಬಿಗೆ ಕಲಿಸ್ಬೇಕು. ಆಗ ಅದು ಉಪಚಾರ ಯಾವುದು, ನಿಜ ಯಾವುದು ಅಂತ ತಿಳ್ಕೊಂಡು ಸುಮ್ಮನಿರುತ್ತೆ," ಎಂದ. ಮನಸ್ಸಿನ ಇನ್ನೂ ಆಳಕ್ಕೆ ಇಳಿಯಬೇಕಾದರೆ ಹೆಚ್ಚು ಶಕ್ತಿ ಬೇಕಂತೆ. ಸಂಜೆ ಇವರು ಸ್ಕೂಟರ್ ಒದ್ದೂ ಒದ್ದೂ ಬೆವೆತರು. ಅದರ ಬ್ಯಾಟರಿ ಈ ಡಬ್ಬಿಯ ಹೊಟ್ಟೆ ಸೇರಿತ್ತು. ಎಂಟು ಅಡಿ ಕೇಳುತ್ತಿದ್ದ ಡಬ್ಬಿ ಈಗ ಎಂಬತ್ತು ಅಡಿ ಕೇಳುತ್ತಿತ್ತು!

ಶುಕ್ರವಾರ ನಮ್ಮ ಮನೆಯಲ್ಲೇ ಬಳಗದ ಕೊನೆಯ ಅಭ್ಯಾಸ. ಡಬ್ಬಿ ಶೋಕೇಸಿನ ಮೇಲೆ ಕೂತಿತ್ತು. "ಆಫ್ ಇದೆ ಅಕ್ಕಾ. ಆನ್ ಇದ್ದರೂ ಈಗ ಅದಕ್ಕೆ ಉಪಚಾರ ಗೊತ್ತು," ಎಂದು ಹೇಳಿ ಉಮಾಪತಿ ಲ್ಯಾಬಿಗೆ ಹೋಗಿದ್ದ. ನಾನು ಕಣ್ಣು ಮುಚ್ಚಿ, ಕೈ ಆಡಿಸಿ, ಇಡೀ ಹಾಡು ಹಾಡಿ ಮುಗಿಸಿದೆ.

"ಕೋಗಿಲೆ ಕಣ್ರೀ ನೀವು!" ಎಂದರು ಗಿರಿಜಾಂಬ.

ಢಂಢಢಂ! ಢಂಢಢಂ! ಢಂಢಢಂ! ಸೂತ್ರ ಕಲಿತ ಡಬ್ಬಿ ಈಗ ಮೂರು ಮೂರು ಸಲ ಬಾರಿಸುತ್ತಿತ್ತು!

"ನಂಗಂತೂ ಕಣ್ಣಲ್ಲಿ ನೀರೇ ಬಂತು," ಎಂದರು ಹೈಸ್ಕೂಲ್ ಟೀಚರ್ ಕಾತ್ಯಾಯಿನಿ. ಡಬ್ಬಿ ಇದಕ್ಕೆ ಢಂ ಎನ್ನಲಿಲ್ಲ. ಶಹನಾಯಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಿತು. ಅಂದರೆ ಆ ಕಣ್ಣೀರು ನಿಜವಾದದ್ದು!

ಯಾರೂ ಯಾರ ಮುಖವನ್ನೂ ನೋಡಲಿಲ್ಲ. "ಪರವಾಗಿಲ್ಲ ಬಿಡಿ, ನಂಗೇನೂ ಬೇಜಾರಿಲ್ಲ," ಎಂದೆ. ಡಬ್ಬಿ ನನ್ನ ಪರವಾಗಿ ಒಂದೇ ಒಂದು ಪಿಟೀಲಿನಲ್ಲಿ, ಬಹಳ ಸಣ್ಣಗೆ, ನಿಲ್ಲಿಸದೆ ಅತ್ತಿತು. ಹೆಂಗಸರು ಕಾಫಿಯನ್ನೂ ಕುಡಿಯದೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅಂದು ನಾನು ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ. ಮುಚ್ಚುಮರೆ ಯಾಕೆ? ಶಾಲೆಯ ಆ ಟೀಚರ್ ಹೇಳಿದ್ದೇ ಸರಿಯಾಗಿತ್ತಲ್ಲ! ಭಾನುವಾರ ಹಾಡುವುದಿಲ್ಲ ಎಂದು ತೀರ್ಮಾನ ಮಾಡಿ, ಸೀರೆ ಬೀರುವಿನೊಳಗೆ ಇಟ್ಟೆ. ಇವರು ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿ ಹೋದರು.

ಭಾನುವಾರ ಸಂಜೆ ಐದಕ್ಕೆ ಗಣೇಶೋತ್ಸವ ಸಮಿತಿಯ ಅಧ್ಯಕ್ಷ ಚಂದ್ರಮೌಳಪ್ಪನವರು ಓಡಿಬಂದರು. ಪೆಂಡಾಲಿನ ಆಂಪ್ಲಿಫಯರ್ ಸುಟ್ಟುಹೋಗಿತ್ತು. "ಉಮಾಪತಿ, ನೀನೇ ಕಾಪಾಡಪ್ಪ!"

ಇವನನ್ನು ಕೇಳಬೇಕೇ! ಡಬ್ಬಿಯನ್ನು ಎತ್ತಿಕೊಂಡು ಹೋಗಿ ಆಳೆತ್ತರದ ಎರಡು ಸ್ಪೀಕರಿಗೆ ಸಿಕ್ಕಿಸಿಯೇಬಿಟ್ಟ. "ಸಂಗೀತದ ವೈರು ಕಿತ್ತಿದೀನಿ ಅಕ್ಕಾ, ಆಣೆಗೂ! ಈಗದು ಬರೀ ಆಂಪ್ಲಿಫಯರ್," ಎಂದ. ಅವನು ಕಿತ್ತದ್ದು ಆಫ್ ಮಾಡುವ ಸ್ವಿಚ್ಚಿನ ವೈರು ಎಂದು ಆಮೇಲೆ ತಿಳಿಯಿತು.

ಚಂದ್ರಮೌಳಪ್ಪನವರು ಮೈಕ್ ಹಿಡಿದರು. "ನಾನು ಎರಡೇ ಮಾತು ಆಡಿ ಮುಗಿಸ್ತೀನಿ..."

ಢಂಢಢಂ! ಪೆಂಡಾಲಿನ ಕಂಬಗಳೇ ನಡುಗಿದವು.

"ಈ ಅಧ್ಯಕ್ಷಗಿರಿ ನಂಗೆ ಬೇಡವೇ ಬೇಡ ಅಂದಿದ್ದೆ. ನೀವೇ ಬಲವಂತ ಮಾಡಿದ್ರಿ..."

ಸ್ಪೀಕರಿನಿಂದ ನಾದಸ್ವರ, ಡೋಲು, ಸಾಕ್ಷಾತ್ ಗಟ್ಟಿಮೇಳ! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಬೆವರು ಒರೆಸಿಕೊಂಡು ಮಾತು ಬದಲಾಯಿಸಿದರು. "ಪುಳಿಯೋಗರೆ ಪ್ರಸಾದ ಎಲ್ಲರಿಗೂ ಬೇಕಾದಷ್ಟಿದೆ. ಯಾರೂ ಅವಸರ ಮಾಡ್ಬೇಡಿ."

ಡವ ಡವ ಡವ ಡವ ಎಂದು ಪತ್ತೇದಾರಿ ಸೀರಿಯಲ್ಲಿನ ಭಯದ ನಗಾರಿ ಬಡಿಯಿತು. ಅಷ್ಟೇ! ಮುಂದಿನ ನಾಲ್ಕು ಸಾಲು ಎದ್ದು ಪುಳಿಯೋಗರೆಯ ಕಡೆ ಓಡಿತು. "ಚೆನ್ನಾಗಿದೀರಾ?" ಎಂದು ಪರಸ್ಪರ ಕೇಳುತ್ತಿದ್ದ ಬೀಗರಿಬ್ಬರು ಸ್ಪೀಕರಿನ ಸದ್ದು ಕೇಳಿ ಬೇರೆ ಬೇರೆ ಗೇಟಿನಿಂದ ಹೊರಗೆ ಹೋದರು. ಉಳಿದವರು ಬಾಯಿಗೆ ಸೆರಗು, ಟವೆಲು ಅಡ್ಡ ಹಿಡಿದು ಕೂತರು. ಉಮಾಪತಿ ವೈರಿನ ಗೋಜಲಿನಲ್ಲಿ ತಲೆ ತೂರಿಸಿ, "ಒಂದೇ ನಿಮಿಷ, ಒಂದೇ ನಿಮಿಷ!" ಎನ್ನುತ್ತಿದ್ದ.

ಈ ಗಲಾಟೆಯಲ್ಲೇ ಗಿರಿಜಾಂಬ ನನ್ನ ಹೆಸರು ಕೂಗಿಬಿಟ್ಟರು! ನಾನು ಕುರ್ಚಿ ಬಿಟ್ಟು ಏಳಲಿಲ್ಲ.

"ಏಳೇ ಮೇಲೆ! ಕರೀತಾ ಇದಾರೆ, ಕಿವಿ ಕೇಳಿಸಲ್ವಾ?" ಎಂದು ಇವರು ಮೊಣಕೈಯಿಂದ ತಿವಿದರು.

"ನಾನು ಹಾಡಲ್ಲ ರೀ. ಎಲ್ಲರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಯ್ತಲ್ಲ."

"ಏಳು ತಿಂಗಳಿಂದ ನಾನೊಬ್ಬನೇ ಅನುಭವಿಸಿದೀನಿ, ಊರವರೂ ಸ್ವಲ್ಪ ಅನುಭವಿಸ್ಲಿ! ಕತ್ತೆ ಥರ ಕಿರುಚ್ತೀಯ, ಕತ್ತೆ ಥರಾನೇ ಹಠ ಬೇರೆ!"

ಆಗ ಸ್ಪೀಕರಿನಿಂದ ಕೊಳಲು ಕೇಳಿಸಿತು.

ಮೆಲ್ಲಗೆ, ಇಂಪಾಗಿ, ಸೀರಿಯಲ್ಲಿನಲ್ಲಿ ನಾಯಕ ಮೊದಲ ಸಲ ನಾಯಕಿಯನ್ನು ಕಂಡಾಗ ಬರುವಂಥ ಕೊಳಲು! ಇಡೀ ಪೆಂಡಾಲು ತಿರುಗಿ ನಮ್ಮನ್ನು ನೋಡಿತು. ಇವರ ಕಿವಿ ಕೆಂಪಾಯಿತು.

"ಉಮಾಪತೀ! ಆಫ್ ಮಾಡೋ ಅದನ್ನ! ಇವಳ ರಾಗ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ! ಇಂಥ ಹೆಂಗಸನ್ನ ನಾನು ಎಲ್ಲೂ ನೋಡಿಲ್ಲ!"

ಕೊಳಲಿನ ಜೊತೆ ವೀಣೆ ಸೇರಿತು. ವೀಣೆಯ ಜೊತೆ ಜಲತರಂಗ. ಅದರ ಹಿಂದೆ ನಲವತ್ತು ಪಿಟೀಲು!

"ಅಯ್ಯಯ್ಯಯ್ಯೋ!" ಎಂದರು ಕಾತ್ಯಾಯಿನಿ ಟೀಚರ್, ಗಲ್ಲಕ್ಕೆ ಕೈಯಿಟ್ಟುಕೊಂಡು. ಇವರು ಮತ್ತೊಮ್ಮೆ ಬಾಯಿ ತೆರೆದರು, ಡಬ್ಬಿಗೆ ಹೆದರಿ ಮುಚ್ಚಿದರು.

ಮದುವೆಯಾಗಿ ಮೂವತ್ತೊಂದು ವರ್ಷ. ಕೇಳದೆ ಒಂದು ಮೊಳ ಹೂವು ತಂದವರಲ್ಲ ಈ ಮನುಷ್ಯ. ನನ್ನ ಕಣ್ಣು ಮಂಜಾಯಿತು. ಸಂತೋಷಕ್ಕೆ ಸ್ವಾಮಿ, ಸಂತೋಷಕ್ಕೆ! ಎದ್ದೆ. ಮನೆಯಲ್ಲಿ ಉಡುವ ಹಳೆಯ ಸೀರೆಯಲ್ಲೇ ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡು ಹಾಡಿದೆ. ಪಲ್ಲವಿ ಒಂದು ಶ್ರುತಿಯಲ್ಲಿ ಹೋಯಿತು, ಚರಣ ಇನ್ನೊಂದರಲ್ಲಿ. ಒಂದು ಸಾಲು ಮರೆತು ಲಾಲಾಲಾ ಎಂದೆ. ಜನ ಬಿದ್ದು ಬಿದ್ದು ನಕ್ಕರು, ಸಿಳ್ಳೆ ಹೊಡೆದರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡಬ್ಬಿ ಒಂದು ಸಲವೂ ಢಂ ಎನ್ನಲಿಲ್ಲ. ಹಾಡು ಮುಗಿಯುತ್ತಿದ್ದಂತೆ ಅದರ ತೂತುಗಳಿಂದ ಹೊಗೆ ಬಂತು, ಸಾಸಿವೆ ಸಿಡಿದ ವಾಸನೆ ಬಂತು, ಸದ್ದು ನಿಂತಿತು.

ಸತ್ತಿತು ಎಂದುಕೊಂಡೆವು. ಎಲ್ಲಿ ಸಾಯುತ್ತದೆ! ಮರುದಿನ ಬೆಳಿಗ್ಗೆ ಉಮಾಪತಿ ಅದನ್ನು ಪರೀಕ್ಷಿಸಿ, ತಲೆ ಕೆರೆದುಕೊಂಡ. "ಅಕ್ಕಾ, ಒಳಗೆಲ್ಲಾ ಕರಗಿ ಅಂಟಿಕೊಂಡಿದೆ. ಈಗದು ಒಬ್ಬರ ಮನಸ್ಸನ್ನ ಮಾತ್ರ ಕೇಳುತ್ತೆ. ಎಲ್ಲರಿಗಿಂತ ಜೋರಾಗಿ ಹೊಡ್ಕೊಂಡಿದ್ದ ಎದೆ ಯಾವುದೋ ಅದನ್ನ ಹಿಡ್ಕೊಂಡುಬಿಟ್ಟಿದೆ. ಭಾವಂದು. ಆಫ್ ಮಾಡೋಕಾಗಲ್ಲ, ಬ್ಯಾಟರಿ ಖಾಲಿ ಆಗೋಕೆ ಹನ್ನೊಂದು ವರ್ಷ ಬೇಕು."

ಇವರು, "ಏನೇ, ಇನ್ನೂ ಕಾಫಿ ಆಗಿಲ್ವಾ? ಮೈಗಳ್ಳಿ!" ಎಂದರೆ ಸಾಕು, ಮಹಡಿಯಿಂದ ಕೊಳಲು ಹಾಲಿನ ಬೂತಿನವರೆಗೂ ಕೇಳಿಸುತ್ತದೆ. ಗಿರಿಜಾಂಬ ಲೋಟ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾರೆ. "ಇನ್ನೊಂದು ಸಲ ಬಯ್ಯಿ ಗುರುಶಾಂತಣ್ಣ, ಈಗ ಬಂದೆ!" ಎಂದು ಎದುರು ಮನೆಯ ತಾತ ಇವರಿಗೆ ಕೂಗುತ್ತಾರೆ. ನಾಚಿಕೆಯಿಂದ ಇವರು ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡರು. ನನಗೋ, ಬಯ್ಯಿಸಿಕೊಳ್ಳದೆ ಊಟವೇ ಸೇರಲಿಲ್ಲ.

ಮೂರನೆಯ ದಿನ ಇವರಿಗೆ ಉಪಾಯವೊಂದು ಹೊಳೆಯಿತು. ಬಯ್ದರೆ ತಾನೇ ಕೊಳಲು? ಅಡುಗೆಮನೆ ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಗಂಟಲು ಸರಿಮಾಡಿಕೊಂಡು, "ವಿಮಲೂ, ಭಾನುವಾರ ನೀನು ಬಹಳ ಚೆನ್ನಾಗಿ ಹಾಡಿದೆ ಕಣೇ!" ಎಂದರು.

ಢಂಢಢಂ! ಢಂಢಢಂ! ಢಂಢಢಂ! ಕಹಳೆಗೆ ಕಿಟಕಿಯ ಗಾಜು ಅದುರಿತು, ನಾಯಿಗಳೆಲ್ಲ ಬೊಗಳಿದವು, ಗಿರಿಜಾಂಬರ ಕೈಯಿಂದ ಲೋಟ ಬಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಹೆಂಡತಿಯನ್ನು ಹೊಗಳುವುದು ನಿಷೇಧ.