ಬೆಳ್ಳಿ ಡಬ್ಬಿ, ಕೆಂಪು ಪೆಟ್ಟಿಗೆ

ಇವತ್ತು ಭೂಗೋಳದ ಮೇಷ್ಟ್ರ ಬಾಯಿ ಮುಚ್ಚಿಸಿಯೇ ತೀರುವುದು ಎಂದು ಕನ್ನಡಕದಂಗಡಿಯವರು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಶಪಥ ಮಾಡಿದರು. ಬಾಯಿತುಂಬ ನೊರೆ ಇದ್ದದ್ದರಿಂದ ಶಪಥ ಹೆಂಡತಿಗೆ ಅರ್ಥವಾಗಲಿಲ್ಲ.

"ಏನ್ರೀ ಅದು? ಉಗುಳಿ ಹೇಳಿ."

"ಇವತ್ತು ತೀರ್ಪಿನ ದಿನ ಕಣೇ! ಬೆಳ್ಳಿ ಡಬ್ಬಿಯೋ ಕೆಂಪು ಪೆಟ್ಟಿಗೆಯೋ, ಇತ್ಯರ್ಥ ಆಗಿಬಿಡಬೇಕು!"

ಹೆಂಡತಿ ಕಾರು ಓಡಿಸುವುದನ್ನು ಕಲಿಸುವವರು. ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುವ ಶಿಷ್ಯರನ್ನು ದಿನವೂ ಕಂಡವರು. ಇಂಥದ್ದಕ್ಕೆಲ್ಲ ಗಾಬರಿಯಾಗುವ ಜಾತಿಯಲ್ಲ. "ಹಾಗಾದ್ರೆ ಮೇಜು ನೀವೇ ಒರೆಸಿ," ಎಂದು ಒಳಗೆ ತಮ್ಮ ಕೆಲಸಕ್ಕೆ ಹೋದರು.

ವಿಷಯ ಇಷ್ಟೆ. ಅಭಿಮಾನಿಗಳು ಉದ್ದಣ್ಣ, ಗಿಡ್ಡಣ್ಣ ಎಂದು ಕರೆಯುವ ಪಾಪ್ ಜೋಡಿಯೊಂದಿತ್ತು. ಉದ್ದಣ್ಣ ಹಾಡುವವನು, ಗಿಡ್ಡಣ್ಣ ಕೀಬೋರ್ಡಿನವನು. ಒಂದು ದಿನ ಇಬ್ಬರೂ ಮುನಿಸಿಕೊಂಡು ಬೇರೆಯಾದರು. ಹಾಡು ನಿಂತಿತು, ಡಬ್ಬಿ ನಿಲ್ಲಲಿಲ್ಲ! ಕ್ಯಾಸೆಟ್ ಕಂಪನಿಯವರು ಅವರ ಜನಪ್ರಿಯ ಹಾಡುಗಳನ್ನೆಲ್ಲ ಒಂದು ಸಿ.ಡಿ.ಗೆ ತುಂಬಿ, ಬೆಳ್ಳಿ ಬಣ್ಣದ ತಗಡಿನ ಡಬ್ಬಿಯಲ್ಲಿಟ್ಟು ಮಾರಿದರು. ಎರಡು ವರ್ಷದ ಮೇಲೆ ಅವೇ ಹಾಡುಗಳನ್ನು ಹಿಂದುಮುಂದು ಮಾಡಿ, ಕೆಂಪು ಬಟ್ಟೆ ಹೊದಿಸಿದ ಪೆಟ್ಟಿಗೆಯಲ್ಲಿಟ್ಟು ಮತ್ತೆ ಮಾರಿದರು.

ಕನ್ನಡಕದವರು ಬೆಳ್ಳಿ ಪಕ್ಷ, ಮೇಷ್ಟ್ರು ಕೆಂಪು ಪಕ್ಷ. ಕನ್ನಡಕದವರ ಡಬ್ಬಿ ಹನ್ನೆರಡು ವರ್ಷದಿಂದ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಕಪಾಟಿನಲ್ಲಿ ಕನ್ಯೆಯಂತೆ ಕುಳಿತಿತ್ತು. ಮೇಷ್ಟ್ರು ಪೆಟ್ಟಿಗೆಯನ್ನು ಕೈಗವಸು ಹಾಕಿಕೊಂಡು ತೆರೆದು, ಪುಸ್ತಿಕೆ ಓದಿ ಮುಚ್ಚುತ್ತಿದ್ದರು. ಗೀರು ಬೀಳುತ್ತದೆಂದು ಸಿ.ಡಿ.ಯನ್ನು ಅದರ ಲಕೋಟೆಯಿಂದ ಹೊರಗೆ ತೆಗೆದವರೇ ಅಲ್ಲ. ಕೇಳುವುದಕ್ಕೆ ಇಬ್ಬರ ಮನೆಯಲ್ಲೂ ಹಳೇ ಕ್ಯಾಸೆಟ್ಟುಗಳಿದ್ದವು. ಡಬ್ಬಿ ಇರುವುದು ಕೇಳುವುದಕ್ಕಲ್ಲ ಸ್ವಾಮಿ, ಇಟ್ಟುಕೊಳ್ಳುವುದಕ್ಕೆ!

ಮಧ್ಯಾಹ್ನ ಮೇಷ್ಟ್ರು ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಬಂದರು.

"ನೋಡಿ ಸ್ವಾಮಿ, ಬಟ್ಟೆ ನೋಡಿ, ಹೊಲಿಗೆ ನೋಡಿ. ಪುಸ್ತಿಕೆ ಮೂವತ್ತು ಪುಟ!"

"ನಮ್ಮದು ಮೂವತ್ತೆರಡು!"

"ಇಪ್ಪತ್ತೆಂಟೇ ಅಂತ ಕೇಳಿದ್ದೀನಿ. ನೀವು ಎಣಿಸಿದ್ದೀರಾ?"

ಕನ್ನಡಕದವರು ಡಬ್ಬಿಯ ಹೊದಿಕೆಯನ್ನು ಅಂಗಿಯ ತೋಳಿನಿಂದ ಒರೆಸತೊಡಗಿದರು.

"ಡಬ್ಬಿಯೊಳಗೆ ಇಣುಕದೇ ಇರೋರು ಡಬ್ಬಿ ಬಡಿಯಬಾರದು!" ಎಂದರು ಮೇಷ್ಟ್ರು.

ಮಾತು ಮರ್ಮಕ್ಕೆ ತಾಗಿತು. ಹೊದಿಕೆ ಹರಿಯದಂತೆ ಬಿಸಿಗಾಳಿಯಲ್ಲಿ ಅಂಟು ಬಿಡಿಸಿ, ಪುಟ ಎಣಿಸಿ, ಮತ್ತೆ ಅಂಟಿಸುತ್ತೇನೆ ಎಂದು ಕನ್ನಡಕದವರು ಎದ್ದರು. ದಿನಕ್ಕೆ ಹತ್ತು ಫ್ರೇಮು ಕಾಯಿಸಿ ಬಗ್ಗಿಸುವ ಕೈ! ಹೆಂಡತಿಯ ಹೇರ್ ಡ್ರೈಯರ್ ತಂದು ಹಿಡಿದರು. ಅಂಟು ಬಿಡುವ ಬದಲು ಪ್ಲಾಸ್ಟಿಕ್ಕು ಮುದುಡಿ ಡಬ್ಬಿಯನ್ನು ಇನ್ನೂ ಬಿಗಿಯಾಗಿ ತಬ್ಬಿತು. ಇನ್ನಷ್ಟು ಹಿಡಿದರು. ತಗಡು ಕಾದು ಬೆರಳು ಸುಟ್ಟಿತು. ಬೆಣ್ಣೆ ಸವರುವ ಚಾಕು ತಂದು ಸಂದಿಗೆ ತೂರಿಸಿ ಮೀಟಿದರು.

ಠಣ್!

ಮುಚ್ಚಳ ಹಾರಿ ಮೇಷ್ಟ್ರ ಹಣೆಗೆ ಬಡಿದು, ಉರುಳಿ ಸೋಫಾದಡಿಗೆ ಸೇರಿತು. ಅದನ್ನು ಹಿಡಿಯಲು ನುಗ್ಗಿದ ಮೇಷ್ಟ್ರ ತಲೆ ಸೋಫಾ ಕೆಳಗೆ ಸಿಕ್ಕಿಕೊಂಡಿತು. ಕನ್ನಡಕದವರು ಕಾಲು ಹಿಡಿದು ಎಳೆದರು. ಮೇಷ್ಟ್ರು ಹೊರಬಂದರು, ಅಂಗಿಯ ಒಂದು ಗುಂಡಿ ಒಳಗೇ ಉಳಿಯಿತು.

"ಪುಟ ಎಣಿಸಿ!" ಎಂದರು ಮೇಷ್ಟ್ರು, ಹಣೆ ಉಜ್ಜಿಕೊಳ್ಳುತ್ತಾ.

ಇಪ್ಪತ್ತೆಂಟು. ಕನ್ನಡಕದವರು ಮೂರು ಸಲ ಎಣಿಸಿದರು. ಪುಟಗಳು ಮನಸ್ಸು ಬದಲಾಯಿಸಲಿಲ್ಲ.

"ಪುಟ ಹಾಳಾಗಲಿ, ಸಿ.ಡಿ. ನೋಡಿ, ಹೇಗೆ ಹೊಳೆಯುತ್ತೆ..." ಎಂದು ತಟ್ಟೆ ಎತ್ತಿದವರ ಮಾತು ಅಲ್ಲೇ ನಿಂತಿತು. ಅದರ ಮೇಲೆ ಬರೆದಿತ್ತು: 'ರಸ್ತೆ ಸಂಕೇತಗಳು, ಭಾಗ ಒಂದು.'

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಸದ್ದಿಗೆ ಹೆಂಡತಿ ಬಂದು ಬಾಗಿಲಲ್ಲಿ ನಿಂತರು.

"ಅಯ್ಯೋ, ತೆಗೆದೇಬಿಟ್ರಾ? ನಾನೇ ಹೇಳೋಣ ಅಂತಿದ್ದೆ. ಕಲಿಯೋರು ಸ್ಟೇರಿಂಗ್ ಹಿಡಿದರೆ ಗಡಗಡ ನಡುಗ್ತಾರೆ ಕಣ್ರೀ. ಹಾಡು ಹಾಕಿದ್ರೆ ಕೈ ಸಡಿಲ ಆಗುತ್ತೆ. ಅದಕ್ಕೇ ಆ ಸಿ.ಡಿ. ಕಾರಲ್ಲಿದೆ."

"ಎಷ್ಟು ದಿನದಿಂದ?"

"ಎಂಟು ವರ್ಷ ಆಯ್ತೇನೋ. ಈ ಊರಿನ ಅರ್ಧ ಜನ ರಿವರ್ಸ್ ಕಲಿತಿದ್ದೇ ಅದರ ಏಳನೇ ಹಾಡಿಗೆ."

"ಹೊದಿಕೆ...?"

"ಅಡುಗೆಮನೆ ಪ್ಲಾಸ್ಟಿಕ್ಕು. ಸಿ.ಡಿ. ಇಲ್ದಿದ್ರೆ ಡಬ್ಬಿ ಹಗುರಾಗುತ್ತಲ್ಲ, ನಿಮಗೆ ಬೇಜಾರಾದೀತು ಅಂತ ಪಾಠದ ಸಿ.ಡಿ. ಒಳಗಿಟ್ಟೆ."

ಕನ್ನಡಕದವರು ಕುರ್ಚಿಗೆ ಕುಸಿದರು. ಹನ್ನೆರಡು ವರ್ಷ ತಾವು ಕಾಲಿಟ್ಟಲ್ಲೆಲ್ಲ ಕೊಚ್ಚಿಕೊಂಡದ್ದು ನೆನಪಾಗಿ ಮುಖ ಬಿಸಿಯಾಯಿತು. ಆದರೂ ಅಭಿಮಾನಿಯ ಜೀವ, ಸುಮ್ಮನಿರಲಾರದು. ಸಣ್ಣ ದನಿಯಲ್ಲಿ ಕೇಳಿದರು: "ಏಳನೇ ಹಾಡು... ಸಿ.ಡಿ.ಯಲ್ಲಿ ಚೆನ್ನಾಗಿ ಕೇಳುತ್ತಾ?"

"ರಿವರ್ಸಿಗೆ ಅಡ್ಡಿಯಿಲ್ಲ. ಪಾರ್ಕಿಂಗಿಗೆ ಮಾತ್ರ ಕೆಂಪು ಪೆಟ್ಟಿಗೇದೇ ಮೇಲು."

ಮೇಷ್ಟ್ರ ನಗು ಟಕ್ಕನೆ ನಿಂತಿತು. "ಕೆಂಪು ಪೆಟ್ಟಿಗೇದು... ನಿಮಗೆಲ್ಲಿ ಸಿಕ್ತು ತಾಯಿ?"

"ನಿಮ್ಮ ಮನೆಯವರೇ ಕಲಿಯೋಕೆ ಬಂದಾಗ ತಂದುಕೊಟ್ರಲ್ಲ!"

ಮೇಷ್ಟ್ರು ಕೈಗವಸು ಮರೆತು, ಬರಿಗೈಯಲ್ಲೇ ಪೆಟ್ಟಿಗೆ ತೆರೆದು, ಲಕೋಟೆಗೆ ಬೆರಳು ಹಾಕಿ ಎಳೆದರು. 'ರಸ್ತೆ ಸಂಕೇತಗಳು, ಭಾಗ ಎರಡು.'

ಹೆಂಡತಿ ಮುಂದೆ ಬಂದು ಎರಡನ್ನೂ ಇಬ್ಬರ ಕೈಯಿಂದ ತೆಗೆದುಕೊಂಡರು.

"ಸದ್ಯ, ಜೋಡಿ ಸಿಕ್ತಲ್ಲ! ನಾಳೆ ಹೊಸಬರು ಬರ್ತಾರೆ, ಬೇಕಾಗಿತ್ತು."