ಮುಳುಗಿದ ವೆಚ್ಚವೂ ಎರಡು ಡ್ರಮ್ ಹಿಟ್ಟೂ

ಪರೀಕ್ಷೆಗೆ ಓದುವವರ ಮನೆಯಲ್ಲಿ ಶಾಂತಿ ಇರಬೇಕು ಎನ್ನುತ್ತಾರೆ. ಐವತ್ತೊಂದನೇ ವಯಸ್ಸಿನಲ್ಲಿ, ಡೊಂಬಿವಲಿಯಲ್ಲಿ, ಇಡ್ಲಿ ಹಿಟ್ಟಿನ ಅಂಗಡಿ ನಡೆಸಿಕೊಂಡು ಓದುವವಳ ಮನೆಯಲ್ಲಿ ಶಾಂತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ನಾನು ಕರೆಯುವುದಿಲ್ಲ, ತಾನಾಗಿಯೇ ಬರುತ್ತದೆ.

ನಾನು ಶಾಲೆಗೆ ಹೋದದ್ದು ಉಡುಪಿ ಕಡೆ, ಏಳನೆಯವರೆಗೆ. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹತ್ತನೆಯದನ್ನೂ ಹನ್ನೆರಡನೆಯದನ್ನೂ ಅಂಗಡಿ ಶುರುವಾದ ಮೇಲೆ ಮನೆಯಿಂದಲೇ ಕಟ್ಟಿ ಪಾಸು ಮಾಡಿದೆ. ಯಾರೂ ಸಹಾಯ ಮಾಡಲಿಲ್ಲ. ಮಾಡುತ್ತೇನೆಂದು ಬಂದ ಇಬ್ಬರನ್ನು ನಾನೇ ವಾಪಸು ಕಳುಹಿಸಿದೆ.

ಆನ್‌ಲೈನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಮಾತ್ರ ಭಾವನ ದೆಸೆಯಿಂದ. ಭಾವ ಎಂದರೆ ನನ್ನ ಗಂಡನ ಅಣ್ಣ. ಜೀವಮಾನವಿಡೀ ಹೋಟೆಲು ನಡೆಸಿ ಈಗ ಥಾಣೆಯ ಕೋಪರಿಯಲ್ಲಿ ಕುಳಿತು ಎಲ್ಲರಿಗೂ ಬುದ್ಧಿ ಹೇಳುತ್ತಾರೆ. ಕಲ್ಯಾಣ್ ಸ್ಟೇಷನ್ನಿನ ಹತ್ತಿರ ಅವರದೊಂದು ಮಳಿಗೆ ಖಾಲಿ ಬಿದ್ದಿತ್ತು. ಎರಡನೇ ಅಂಗಡಿಗೆ ಬಾಡಿಗೆಗೆ ಕೊಡಿ ಎಂದು ಕೇಳಿದೆ.

"ಹಿಟ್ಟು ರುಬ್ಬುವುದು ಬೇರೆ, ಎರಡು ಅಂಗಡಿ ಸಂಭಾಳಿಸುವುದು ಬೇರೆ," ಎಂದರು ಭಾವ. "ಕಾಸ್ಟಿಂಗ್, ಖರ್ಚಿನ ಲೆಕ್ಕ, ಗೊತ್ತುಂಟಾ ನಿನಗೆ?"

"ಕಲಿತರೆ ಗೊತ್ತಾಗುತ್ತದೆ."

"ಹಾಗಾದ್ರೆ ಕಲಿತು ಪಾಸಾಗಿ ಬಾ, ಬೀಗದ ಕೈ ಕೊಡ್ತೇನೆ. ಇಲ್ಲದಿದ್ರೆ ಮೊಬೈಲ್ ರಿಪೇರಿಯವ ಕೇಳ್ತಾ ಇದ್ದಾನೆ, ಅವನಿಗೆ."

ನನ್ನ ಗಂಡ ಇಬ್ಬರ ಮಾತನ್ನೂ ಕೇಳಿ ಪೇಪರಿನ ಪುಟ ತಿರುಗಿಸಿದರು. ನಾನು ಅಂದೇ ಫೀಸು ಕಟ್ಟಿದೆ. ವಿಷಯದ ಹೆಸರು ಮ್ಯಾನೇಜೀರಿಯಲ್ ಅಕೌಂಟಿಂಗ್. ಮಾಮೂಲಿ ಲೆಕ್ಕ ಆಗಿಹೋದದ್ದನ್ನು ಹೇಳುತ್ತದೆ. ಇದು ಮುಂದೇನು ಮಾಡಬೇಕು ಎಂಬುದನ್ನು ಹೇಳುತ್ತದಂತೆ.

೧. ಲೇಡೀಸ್ ಡಬ್ಬಿಯಲ್ಲಿ ಪಾಠ

ಉದ್ದು ತರಲು ವಾರಕ್ಕೆರಡು ಸಲ ಥಾಣೆಯ ಮೇಲೆ ವಾಶಿಯ ಸಗಟು ಮಾರುಕಟ್ಟೆಗೆ ಹೋಗುತ್ತೇನೆ. ರೈಲಿನಲ್ಲೇ ಪಾಠ ಕೇಳಿಬಿಡೋಣ ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅದರ ಇನ್ನೊಂದು ತುದಿ ಫೋನಿಗೆ ಸರಿಯಾಗಿ ಸಿಕ್ಕಿರಲಿಲ್ಲ. ನನಗೆ ಪಾಠ ಬಹಳ ಚೆನ್ನಾಗಿ ಕೇಳಿಸುತ್ತಿತ್ತು. ಡಬ್ಬಿಗೂ ಕೇಳಿಸುತ್ತಿತ್ತು.

ಮಾರಾಟ ಹೆಚ್ಚಾದರೂ ಕಡಿಮೆಯಾದರೂ ಬದಲಾಗದ್ದು ಸ್ಥಿರ ವೆಚ್ಚ, ಮಾರಾಟದೊಂದಿಗೆ ಏರಿಳಿಯುವುದು ಚರ ವೆಚ್ಚ ಎಂದು ಮೇಷ್ಟ್ರು ಹಿಂದಿಯಲ್ಲಿ ಹೇಳುತ್ತಿದ್ದರು. ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, "ಬರೋಬರ್. ನನ್ನ ಜಾಗದ ಬಾಡಿಗೆ ಸ್ಥಿರ, ಮಂಜುಗಡ್ಡೆ ಚರ," ಎಂದಳು.

ಆಗಲೇ ನನಗೆ ಇಯರ್‌ಫೋನಿನ ಸಂಗತಿ ತಿಳಿದದ್ದು. ನಿಲ್ಲಿಸಲು ಹೋದೆ. ಎದುರಿಗೆ ಕುಳಿತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು, "ಇರಲಿ ಬಿಡಿ, ನಡೀತಿದೆಯಲ್ಲ," ಎಂದರು.

ಮೀನಿನವಳು ಅವರನ್ನೇ ಕೇಳಿದಳು: "ನನ್ನ ಗಂಡ ಯಾವುದರಲ್ಲಿ ಬರುತ್ತಾನೆ? ಮೀನು ಮಾರಿದರೂ ಅಷ್ಟೇ ತಿನ್ನುತ್ತಾನೆ, ಮಾರದಿದ್ದರೂ ಅಷ್ಟೇ."

"ಹಾಗಾದರೆ ಸ್ಥಿರ."

"ಚೆನ್ನಾಗಿ ಮಾರಿದ ದಿನ ಮೇಲಿಂದ ಕುಡಿಯುತ್ತಾನೆ."

ಬ್ಯಾಂಕಿನವರು ಕಳ್ವಾ ಬರುವವರೆಗೆ ಯೋಚಿಸಿದರು. "ಹಾಗಾದರೆ ಅರೆಸ್ಥಿರ. ಒಂದು ಪಾಲು ಸ್ಥಿರ, ಮೇಲಿನದು ಚರ."

ಡಬ್ಬಿಯಲ್ಲಿ ನಾಲ್ಕಾರು ಹೆಂಗಸರು ತಂತಮ್ಮ ಮನೆ ನೆನೆದು ತಲೆಯಾಡಿಸಿದರು.

ಎರಡು ವಾರದ ನಂತರ ಕ್ವಿಜ್‌ನಲ್ಲಿ ಅರೆಸ್ಥಿರ ವೆಚ್ಚಕ್ಕೆ ಉದಾಹರಣೆ ಕೇಳಿದ್ದರು. ನಾಲ್ಕು ಆಯ್ಕೆ ಕೊಟ್ಟಿದ್ದರು. ನಾಲ್ಕರಲ್ಲೂ ಗಂಡ ಇರಲಿಲ್ಲ.

೨. ತೆಂಗಿನಕಾಯಿಗೆ ಎಷ್ಟು ನಿಮಿಷ

ಕಲಿತದ್ದನ್ನು ಬಳಸದಿದ್ದರೆ ಕಲಿತು ಏನು ಬಂತು? ಪ್ರತಿ ಕೆಲಸಕ್ಕೂ ಇಷ್ಟು ಸಮಯ ಎಂದು ಮೊದಲೇ ನಿಗದಿಮಾಡಬೇಕು, ಅದಕ್ಕಿಂತ ಹೆಚ್ಚು ಹಿಡಿದರೆ 'ಪ್ರತಿಕೂಲ ವ್ಯತ್ಯಾಸ' ಎಂದು ಬರೆಯಬೇಕು ಎಂದು ಪಾಠದಲ್ಲಿತ್ತು. ನಾನು ಫೋನಿನ ಸ್ಟಾಪ್‌ವಾಚ್ ಹಿಡಿದು ನಿಂತೆ.

ನನ್ನ ಅಂಗಡಿಯಲ್ಲಿ ಕೆಲಸಕ್ಕಿರುವವಳು ವಿಜಯಪುರದ ಕಡೆಯವಳು, ಬದಲಾಪುರದಿಂದ ಬರುತ್ತಾಳೆ. ಚಟ್ನಿಗೆ ಕಾಯಿ ತುರಿಯುವುದರಲ್ಲಿ ಅವಳ ಸಮ ಯಾರೂ ಇಲ್ಲ. ಒಂದು ಕಾಯಿಗೆ ಮೂರು ನಿಮಿಷ ಎಂದು ನಿಗದಿಮಾಡಿದೆ. ನಾಲ್ಕಾಯಿತು. ಬರೆದೆ. ವಾರದ ವರದಿಯನ್ನು ಗ್ರೈಂಡರಿನ ಮೇಲಿನ ಗೋಡೆಗೆ ಅಂಟಿಸಿದೆ.

ಅವಳು ಓದಿದಳು. ಸಿಟ್ಟು ಮಾಡಲಿಲ್ಲ.

"ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ?"

"ಕೇಳು."

"ನಾ ಕಾಯಿ ತುರಿಯೂ ಮುಂದ ನೀವು ದಿನಾ ತಾಸುಗಟ್ಲೆ ಗಡಿಯಾರ ಹಿಡ್ಕೊಂಡ ನಿಂತಿದ್ರಲ್ಲ, ಆ ತಾಸು ಯಾರ ಹೆಸರಿಗೆ ಬರ್ದೀರಿ?"

ಬರೆದಿರಲಿಲ್ಲ. ಕುಳಿತು ಬರೆದೆ. ಆ ವಾರ ಅಂಗಡಿಯಲ್ಲಿ ಅತಿ ದೊಡ್ಡ ಪ್ರತಿಕೂಲ ವ್ಯತ್ಯಾಸ ನನ್ನದೇ ಆಗಿತ್ತು.

ವರದಿಯನ್ನು ಗೋಡೆಯಿಂದ ಕೆರೆದು ತೆಗೆದೆ. ಹಿಂದಿನಿಂದ ಅವಳು, "ಆರ್ ನಿಮಿಷ ಆತ್ರಿ," ಎಂದಳು.

೩. ಇರಲು ಸಾಧ್ಯವಿಲ್ಲದ ಅಂಗಡಿ

ಗುಂಪು ಪ್ರಾಜೆಕ್ಟಿಗೆ ನನ್ನನ್ನು ನವಿ ಮುಂಬಯಿಯ ಮೂವರು ಮಕ್ಕಳ ಜೊತೆ ಹಾಕಿದರು. ಮೂವರೂ ಇಪ್ಪತ್ತರ ಆಸುಪಾಸು. ಮೊದಲ ವಿಡಿಯೋ ಮೀಟಿಂಗಿನಲ್ಲಿ ನನ್ನ ಮುಖ ಕಂಡ ಕೂಡಲೇ ನೆರುಳಿನ ಹುಡುಗಿ, "ನಮಸ್ತೆ ಆಂಟೀ, ನಿಮ್ಮ ಮಗನನ್ನು ಕರೆಯಿರಿ, ಮೀಟಿಂಗ್ ಶುರುಮಾಡಬೇಕು," ಎಂದಳು.

"ನನಗೆ ಮಗ ಇಲ್ಲ. ಶುರುಮಾಡು," ಎಂದೆ.

ಒಂದು ಸಣ್ಣ ವ್ಯಾಪಾರದ ಲಾಭ ನಷ್ಟ ಸರಿಹೋಗುವ ಬಿಂದು ಎಲ್ಲಿದೆ ಎಂದು ಕಂಡುಹಿಡಿಯಬೇಕಿತ್ತು. ಮೂವರೂ ಅಂತರ್ಜಾಲದಲ್ಲಿ ವ್ಯಾಪಾರ ಹುಡುಕಲು ಹೊರಟರು. ನನ್ನ ಬಳಿಯೇ ಒಂದು ಉಂಟು ಎಂದೆ. ಹತ್ತೊಂಬತ್ತು ವರ್ಷದ ಅಂಗಡಿ, ಎಲ್ಲ ವಿವರ ಕೊಟ್ಟೆ. ದಿನದ ಮೊದಲ ಗಿರಾಕಿಗೆ ಹಿಟ್ಟು ಪುಕ್ಕಟೆ. ಕಿಲೋ ತೂಗಿದ ಮೇಲೆ ಒಂದು ಸೌಟು ಹೆಚ್ಚಿಗೆ. ಬಸುರಿ ಕೇಳಿದರೆ ಬೆಲೆಯೇ ಇಲ್ಲ. ನೀರುದೋಸೆ ಹಿಟ್ಟು ಬೇಕೆನ್ನುವವರು ಇಡೀ ಬಡಾವಣೆಯಲ್ಲಿ ಮೂವರು, ಅವರಿಗಾಗಿ ದಿನಾ ಒಂದು ಪಾತ್ರೆ.

ಮಕ್ಕಳು ಎಲ್ಲವನ್ನೂ ಹಾಗೆಯೇ ಬರೆದರು. ಮೇಷ್ಟ್ರ ಟಿಪ್ಪಣಿ ಬಂತು: "ಲೆಕ್ಕ ಸರಿಯಾಗಿದೆ. ಆದರೆ ಇಂಥ ಅಂಗಡಿ ಆರು ತಿಂಗಳ ಮೇಲೆ ಉಳಿಯುವುದು ಅಸಾಧ್ಯ. ದಯವಿಟ್ಟು ನಿಜವಾದ ವ್ಯಾಪಾರವನ್ನು ಆಯ್ದುಕೊಳ್ಳಿ."

ಮಕ್ಕಳು ಕಾಲ್ಪನಿಕ ಚಪ್ಪಲಿ ಕಾರ್ಖಾನೆಯೊಂದನ್ನು ಬರೆದು ಕಳುಹಿಸಿದರು. ಅದು ನಿಜವೆಂದು ಇಪ್ಪತ್ತಕ್ಕೆ ಹದಿನೇಳು ಬಂತು.

೪. ಬೆನ್ನ ಹಿಂದಿನ ವ್ಯಕ್ತಿ

ಇನ್ನು ಪರೀಕ್ಷೆ. ಮೊದಲ ಸಲ ಕುಳಿತಾಗ ನಡುವೆ ಕರೆಂಟು ಹೋಗಿ ಪರೀಕ್ಷೆಯೂ ಹೋಯಿತು. ಎರಡನೆಯದೇ ಕೊನೆಯದು. ಇದೂ ಹೋದರೆ ಇಡೀ ವರ್ಷ ಮತ್ತೆ. ಅಷ್ಟು ದಿನ ಮಳಿಗೆ ಕಾಯುವುದಿಲ್ಲ ಎಂದು ಭಾವ ಫೋನು ಮಾಡಿ ನೆನಪಿಸಿದರು. ಮೊಬೈಲ್ ರಿಪೇರಿಯವ ಬೋರ್ಡಿನ ಅಳತೆ ತೆಗೆದುಕೊಂಡು ಹೋಗಿದ್ದನಂತೆ.

ಪರೀಕ್ಷೆಯ ಶರತ್ತು ಹೀಗಿತ್ತು: ಕೋಣೆಯ ಬಾಗಿಲು ಕಿಟಕಿ ಮುಚ್ಚಿರಬೇಕು, ಒಳಗೆ ಇನ್ನೊಬ್ಬರು ಇರಬಾರದು, ಸದ್ದಾಗಬಾರದು, ಎದ್ದರೆ ಪರೀಕ್ಷೆ ರದ್ದು. ಎಲ್ಲೋ ಕುಳಿತ ಒಬ್ಬ ಮೇಲ್ವಿಚಾರಕ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾನೆ. ನನ್ನಲ್ಲಿ ಮುಚ್ಚಲು ಬರುವ ಕೋಣೆ ಒಂದೇ, ಅಂಗಡಿಯ ಹಿಂದಿನದು. ಹಿಟ್ಟು ಹುದುಗುವುದೂ ಅಲ್ಲೇ.

ಮೇ ತಿಂಗಳು, ಮಧ್ಯಾಹ್ನ ಹನ್ನೆರಡು. ಸದ್ದಾಗುತ್ತದೆಂದು ಫ್ಯಾನು ಬಂದ್ ಮಾಡಿದೆ. ಬೆಳಗಿನ ಜಾವ ರುಬ್ಬಿದ ಎರಡು ಡ್ರಮ್ ಹಿಟ್ಟನ್ನು ಹನ್ನೊಂದಕ್ಕೇ ಫ್ರಿಜ್ಜಿಗೆ ಸಾಗಿಸಬೇಕಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಮರೆತವಳಲ್ಲ. ಅಂದು ಆಧಾರ್ ಕಾರ್ಡನ್ನು ಕ್ಯಾಮೆರಾಕ್ಕೆ ತೋರಿಸುವ ಗಡಿಬಿಡಿಯಲ್ಲಿ ಮರೆತೆ.

ಅರ್ಧ ಗಂಟೆ ಕಳೆದಿತ್ತು. ಪರದೆಯ ಮೂಲೆಯಲ್ಲಿ ಮೇಲ್ವಿಚಾರಕನ ಸಂದೇಶ ಬಂತು: "ಮೇಡಮ್, ನಿಮ್ಮ ಹಿಂದೆ ಚಲನೆ ಇದೆ."

ಪರದೆಯಲ್ಲಿ ನನ್ನದೇ ಚಿತ್ರ ನೋಡಿದೆ. ಹೆಗಲ ಹಿಂದೆ ಡ್ರಮ್ಮಿನ ಮುಚ್ಚಳ ನಿಧಾನವಾಗಿ ಏಳುತ್ತಿತ್ತು. ಕೆಳಗೆ ಬಿಳಿ ತಲೆ.

"ಹಿಟ್ಟು," ಎಂದು ಟೈಪು ಮಾಡಿದೆ.

"ಯಾರೇ ಆಗಲಿ, ಹೊರಗೆ ಹೋಗಲು ಹೇಳಿ."

"ಹೇಳಿದರೆ ಕೇಳುವುದಿಲ್ಲ. ಎದ್ದು ಸರಿಸಲೇ?"

"ಎದ್ದರೆ ಪರೀಕ್ಷೆ ರದ್ದು."

ಮುಚ್ಚಳ ಬಿತ್ತು. ಸಂಜೆಯ ವ್ಯಾಪಾರವಿಡೀ ಆ ಡ್ರಮ್ಮುಗಳಲ್ಲಿತ್ತು. ಪ್ರಶ್ನೆ ಓದಿದೆ. ಏಳನೆಯದು ಹೀಗಿತ್ತು: 'ಮುಳುಗಿದ ವೆಚ್ಚ ಎಂದರೇನು? ನಿರ್ಧಾರ ತೆಗೆದುಕೊಳ್ಳುವಾಗ ಅದನ್ನು ಏಕೆ ಪರಿಗಣಿಸಬಾರದು? ಉದಾಹರಣೆ ಸಹಿತ ವಿವರಿಸಿ.'

ಕಾಲಿಗೆ ತಣ್ಣಗೆ ಏನೋ ತಾಗಿತು. ಉದಾಹರಣೆ ಬಂದು ಮುಟ್ಟಿತ್ತು.

ಹೋದದ್ದು ಹೋಯಿತು, ಎದ್ದರೂ ಡ್ರಮ್ಮಿಗೆ ಮರಳುವುದಿಲ್ಲ, ಆದ್ದರಿಂದ ಏಳಬಾರದು ಎಂದು ಬರೆದೆ. ಎರಡನೇ ಡ್ರಮ್ಮಿನ ಮುಚ್ಚಳ ಬಿದ್ದಾಗಲೂ ತಿರುಗಿ ನೋಡಲಿಲ್ಲ. ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು ಉಳಿದ ನಾಲ್ಕು ಪ್ರಶ್ನೆ ಮುಗಿಸಿದೆ.

ಫಲಿತಾಂಶ ಬರಲಿಲ್ಲ. ಬದಲಿಗೆ ಪತ್ರ ಬಂತು: 'ಪರೀಕ್ಷೆಯ ವೇಳೆ ಕೋಣೆಯಲ್ಲಿ ಬಿಳಿ ವಸ್ತ್ರದ ಎರಡನೇ ವ್ಯಕ್ತಿ ಕಂಡುಬಂದ ಕಾರಣ ಫಲಿತಾಂಶವನ್ನು ತಡೆಹಿಡಿಯಲಾಗಿದೆ. ಆ ವ್ಯಕ್ತಿಯ ಗುರುತಿನ ದಾಖಲೆಯನ್ನು ಒಂದು ವಾರದೊಳಗೆ ಸಲ್ಲಿಸತಕ್ಕದ್ದು.'

ಸಲ್ಲಿಸಿದೆ. ಅಂಗಡಿಯ ಆಹಾರ ಪರವಾನಗಿ, ಹಿಟ್ಟಿನ ಮೂರು ಫೋಟೋ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಏಳುತ್ತಿರುವಾಗ ಒಂದು. ಫಾರಮ್ಮಿನಲ್ಲಿ 'ಸಂಬಂಧ' ಎಂಬಲ್ಲಿ 'ಹತ್ತೊಂಬತ್ತು ವರ್ಷದಿಂದ' ಎಂದು ತುಂಬಿದೆ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಪಾಸಿಗೆ ನಲವತ್ತು ಬೇಕು, ನನಗೆ ನಲವತ್ತಮೂರು. ಏಳನೇ ಪ್ರಶ್ನೆಗೆ ಪೂರ್ತಿ ಅಂಕ.

ಮುದ್ರಿಸಿಕೊಂಡು ಕೋಪರಿಗೆ ಹೋದೆ. ಭಾವ ಕನ್ನಡಕ ಹಾಕಿ, ಕಾಗದದ ಹಿಂಬದಿಯನ್ನೂ ನೋಡಿ, "ನಲವತ್ತಮೂರಾ," ಎಂದರು.

"ಪಾಸು ಪಾಸೇ."

"ಹಿಟ್ಟೆಲ್ಲ ಚೆಲ್ಲಿತಂತಲ್ಲ. ಎಷ್ಟು ಹೋಯ್ತು?"

"ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಭಾವ. ಅದು ಮುಳುಗಿದ ವೆಚ್ಚ."

ಭಾವ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಪೂರ್ತಿ ಬಿಡಲಿಲ್ಲ, ಬೆರಳು ಅದರ ಮೇಲೇ ಇತ್ತು.

"ನಿನ್ನ ಪರೀಕ್ಷೆಗೋಸ್ಕರ ಹನ್ನೊಂದು ತಿಂಗಳು ಮಳಿಗೆ ಖಾಲಿ ಇಟ್ಟಿದ್ದೇನೆ. ಆ ಬಾಡಿಗೆ?"

"ಅದೂ ಮುಳುಗಿದ್ದೇ."

ಭಾವ ಕನ್ನಡಕ ತೆಗೆದು ಮಡಚಿಟ್ಟರು. ಆಮೇಲೆ ಬೆರಳು ತೆಗೆದರು.

"ಆ ಪಾಠ ಬರೆದವ ಯಾರೋ ಗೊತ್ತಿಲ್ಲ," ಎಂದರು. "ಆದ್ರೆ ಬಾಡಿಗೆ ಮನೆಯಲ್ಲಿ ಕೂತೇ ಬರೆದಿದ್ದಾನೆ."